ಡಾಕ್ಯುಮೆಂಟೇಶನ್ ಇದ್ದರೂ ಏಜೆಂಟ್ ಸ್ಕೋರ್ ತಪ್ಪು ಹೇಳುವುದೇಕೆ?

ಪ್ರಶ್ನೆ: ಕ್ರೀಡಾ ಡೇಟಾ ತಂದುಕೊಡುವ ಟೂಲ್ ಮಾಡಿ, ತಾನೇ ಟೂಲ್ ಕರೆದು ಉತ್ತರ ಕೊಡುವ ಎಐ ಏಜೆಂಟ್‌ಗೆ ಜೋಡಿಸಿದ್ದೇನೆ. ಎಪಿಐ (ಬೇರೆ ಪ್ರೋಗ್ರಾಂಗಳು ಡೇಟಾ ಕೇಳುವ ದಾರಿ) ಡಾಕ್ಯುಮೆಂಟೇಶನ್ ಚೆನ್ನಾಗಿದೆ, ಡೆವಲಪರ್‌ಗಳು ಯಾರೂ ದೂರಿಲ್ಲ. ಆದರೂ ಏಜೆಂಟ್ ಬೇರೆ ಸೀಸನ್ನಿನ ಸ್ಕೋರ್ ತರುತ್ತದೆ, ಇಲ್ಲದ್ದನ್ನೂ ಸೇರಿಸಿ ಹೇಳುತ್ತದೆ. ಏಜೆಂಟ್‌ಗೆಂದೇ ಬೇರೆ ಬರೆಯಬೇಕಾ?

ಹೌದು, ಬೇರೆಯೇ ಬರೆಯಬೇಕು.

ಡೆವಲಪರ್ ಒಬ್ಬರು ನಿಮ್ಮ ಎಪಿಐ ನೋಡುವಾಗ ಎರಡು ಸಲ ಕರೆದು ಉತ್ತರ ಹೇಗಿದೆ ಅಂತ ಪರೀಕ್ಷಿಸುತ್ತಾರೆ, ಅನುಮಾನ ಬಂದರೆ ಪಕ್ಕದವರನ್ನು ಕೇಳುತ್ತಾರೆ, ಅದಕ್ಕಿಂತ ಮುಖ್ಯವಾಗಿ ಆ ಆಟವನ್ನು ನೋಡಿ ಬೆಳೆದಿರುತ್ತಾರೆ. ಹಾಗಾಗಿ ನೀವು ಬರೆಯದೆ ಬಿಟ್ಟದ್ದನ್ನು ಅವರೇ ತುಂಬಿಕೊಳ್ಳುತ್ತಾರೆ. ಏಜೆಂಟ್‌ ಕೂಡ ತುಂಬಿಕೊಳ್ಳುತ್ತದೆ, ಆದರೆ ಊಹೆಯಿಂದ. ಟೂಲ್ ಕರೆಯುವ ಮೊದಲು ಅದಕ್ಕೆ ಸಾಮಾನ್ಯವಾಗಿ ಕಾಣುವುದು ಟೂಲಿನ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ ಸ್ಕೀಮಾ (ಟೂಲ್ ಕರೆಯುವಾಗ ಏನೇನು, ಯಾವ ರೂಪದಲ್ಲಿ ಕೊಡಬೇಕು ಅನ್ನುವ ಪಟ್ಟಿ), ಇಷ್ಟೇ. ಎಐ ಕಂಪನಿ ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಎಂಸಿಪಿ (ಟೂಲ್‌ಗಳನ್ನು ಏಜೆಂಟ್‌ಗೆ ಜೋಡಿಸುವ ಒಂದು ಮಾನದಂಡ) ಮೂಲಕ ಜೋಡಿಸಿದರೂ ಇದು ಬದಲಾಗುವುದಿಲ್ಲ. ಎಂಸಿಪಿ ವಿವರಣೆಯನ್ನು ಏಜೆಂಟ್‌ಗೆ ತಲುಪಿಸುತ್ತದೆ, ಅದರಲ್ಲಿ ಏನಿರಬೇಕು ಅನ್ನುವುದು ನಿಮ್ಮ ಕೆಲಸ.

ನಿಮ್ಮ ಸೀಸನ್ ಸಮಸ್ಯೆಯನ್ನೇ ನೋಡಿ. ಪ್ಯಾರಾಮೀಟರ್ ಪಕ್ಕ ಬರೀ ‘ವರ್ಷ’ ಎಂದು ಬರೆದಿದ್ದೀರಿ ಅನ್ನಿಸುತ್ತದೆ. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ 2024ರ ಸೀಸನ್ನಿನ ಕೊನೆಯ ಪಂದ್ಯ ಸೂಪರ್ ಬೌಲ್ ನಡೆದದ್ದು 2025ರ ಫೆಬ್ರುವರಿಯಲ್ಲಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕೂಡ ಆಗಸ್ಟ್‌ನಿಂದ ಮೇವರೆಗೆ, ಅಂದರೆ ಎರಡು ವರ್ಷಗಳಲ್ಲಿ ಹರಡಿಕೊಂಡಿರುತ್ತದೆ. ‘ಸೀಸನ್ ಶುರುವಾದ ವರ್ಷ ಕೊಡಿ, 2024–25 ಬೇಕಿದ್ದರೆ 2024’ ಅಂತ ಒಂದು ಸಾಲು ಬರೆದರೆ ಸಾಕು. ದಿನಾಂಕಕ್ಕೂ ಹಾಗೇ. ಲಾಸ್ ಏಂಜಲೀಸ್‌ನಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಲೆಕ್ಕದಲ್ಲಿ ಮರುದಿನದ್ದು, ಆದ್ದರಿಂದ ನಿಮ್ಮದು ಯಾವ ಲೆಕ್ಕ ಅಂತ ಹೇಳಿಬಿಡಿ.

ತಂಡದ ಹೆಸರನ್ನು ನೇರವಾಗಿ ತೆಗೆದುಕೊಳ್ಳುವ ಟೂಲ್ ಆಗಿದ್ದರೆ ಅದನ್ನೂ ಬದಲಿಸಿ. ರೇಂಜರ್ಸ್ ಅಂದರೆ ಯಾವುದು? ಗ್ಲಾಸ್ಗೋದ ಫುಟ್‌ಬಾಲ್ ತಂಡ, ನ್ಯೂಯಾರ್ಕಿನ ಐಸ್ ಹಾಕಿ ತಂಡ, ಟೆಕ್ಸಸ್‌ನ ಬೇಸ್‌ಬಾಲ್ ತಂಡ, ಮೂರಕ್ಕೂ ಅದೇ ಹೆಸರು. ಮೊದಲು ತಂಡ ಹುಡುಕುವ ಟೂಲ್ ಕರೆದು ಐಡಿ ತೆಗೆದುಕೋ, ಆಮೇಲೆ ಇದನ್ನು ಕರಿ ಎಂದು ವಿವರಣೆಯಲ್ಲೇ ಇರಲಿ.

ಆದರೆ ಜಾಸ್ತಿ ತಪ್ಪಾಗುವುದು ಕೇಳುವಾಗ ಅಲ್ಲ, ಬಂದ ಉತ್ತರವನ್ನು ಓದುವಾಗ. ಇದನ್ನು ಬಹಳ ಜನ ಬರೆಯುವುದೇ ಇಲ್ಲ, ನನಗೆ ಬೇಸರವಾಗುವುದೂ ಇದಕ್ಕೇ. ಕ್ರಿಕೆಟ್‌ನಲ್ಲಿ 19.4 ಓವರ್ ಅಂದರೆ 19 ಓವರ್ 4 ಎಸೆತ, ಒಟ್ಟು 118 ಎಸೆತ. ಅದನ್ನು ದಶಮಾಂಶ ಎಂದುಕೊಂಡು 150 ರನ್ನನ್ನು ಅದರಿಂದ ಭಾಗಿಸಿದರೆ ರನ್‌ರೇಟ್ 7.73 ಬರುತ್ತದೆ, ಸರಿಯಾದದ್ದು 7.63. ತಪ್ಪು ಚಿಕ್ಕದು, ನೋಡುವುದಕ್ಕೆ ಸರಿಯಾಗಿಯೇ ಕಾಣುತ್ತದೆ, ಹಾಗಾಗಿ ಯಾರೂ ಹಿಡಿಯುವುದಿಲ್ಲ. ನಾನು ಬರೆದ ಒಂದು ಟೂಲ್‌ನಲ್ಲೇ ಹೀಗಾಗಿತ್ತು, ಕೊನೆಗೆ ಎಸೆತಗಳ ಸಂಖ್ಯೆಯನ್ನೇ ಬೇರೆ ಫೀಲ್ಡ್ ಆಗಿ ಕೊಟ್ಟ ಮೇಲೆ ಸರಿಹೋಯಿತು.

2019ರ ಏಕದಿನ ವಿಶ್ವಕಪ್ ಫೈನಲ್ ತೆಗೆದುಕೊಳ್ಳಿ. ಇಂಗ್ಲೆಂಡ್, ನ್ಯೂಜಿಲೆಂಡ್ ಎರಡೂ 241, ಸೂಪರ್ ಓವರ್‌ನಲ್ಲೂ ಎರಡೂ 15, ಕೊನೆಗೆ ಹೆಚ್ಚು ಬೌಂಡರಿ ಹೊಡೆದ ಇಂಗ್ಲೆಂಡ್ ಗೆದ್ದಿತು. ಎಷ್ಟು ರನ್‌ಗಳಿಂದ ಗೆದ್ದರು ಅಂತ ಬಳಕೆದಾರರು ಕೇಳಿದಾಗ ಗೆಲುವಿನ ಅಂತರದ ಫೀಲ್ಡ್ ಸುಮ್ನೆ ಖಾಲಿ ಇದ್ದರೆ ಏಜೆಂಟ್ ಏನಾದರೂ ಒಂದು ಅಂಕಿ ಹೇಳಿಬಿಡಬಹುದು. ‘ಈ ಫೀಲ್ಡ್ ಖಾಲಿ ಇದ್ದರೆ ಅಂತರವೇ ಇಲ್ಲ, ಗೆಲುವಿನ ವಿಧಾನದ ಫೀಲ್ಡ್ ನೋಡು’ ಎಂದು ಬರೆಯಿರಿ. 2022ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾ, ಫ್ರಾನ್ಸ್ 3–3, ಪೆನಾಲ್ಟಿ ಶೂಟೌಟ್ 4–2. ನಿಮ್ಮ ಸ್ಕೋರ್ ಫೀಲ್ಡ್‌ನಲ್ಲಿ ಶೂಟೌಟ್ ಸೇರಿದೆಯೋ ಇಲ್ಲವೋ? ಹೇಳದಿದ್ದರೆ 7–5 ಎಂಬ ಉತ್ತರ ಬಂದರೂ ಆಶ್ಚರ್ಯವಿಲ್ಲ.

ಸೊನ್ನೆ ಮತ್ತು ಖಾಲಿಯ ವ್ಯತ್ಯಾಸ ಇನ್ನೂ ಸೂಕ್ಷ್ಮ. ಸೊನ್ನೆಗೆ ಔಟಾದ ಬ್ಯಾಟರ್, ಬ್ಯಾಟಿಂಗ್‌ಗೇ ಬರದ ಬ್ಯಾಟರ್ ಇಬ್ಬರೂ ಒಂದೇ ಅಲ್ಲ ಅಲ್ವಾ? ಹಾಗೆಯೇ ‘ಪಂದ್ಯ ನಮ್ಮ ಡೇಟಾದಲ್ಲಿಲ್ಲ’, ‘ಪಂದ್ಯ ಮುಂದೂಡಲಾಗಿದೆ’, ‘ಪಂದ್ಯ ರದ್ದಾಗಿದೆ’ ಇವು ಮೂರು ಬೇರೆ ಉತ್ತರಗಳು. ಮೂರಕ್ಕೂ ಖಾಲಿ ಪಟ್ಟಿ ಕಳಿಸಿದರೆ ಏಜೆಂಟ್ ತನ್ನ ಹಳೇ ನೆನಪಿನಿಂದ ಸ್ಕೋರ್ ತೆಗೆದು ಹೇಳಬಹುದು. ನೀವು ಹೇಳಿದ ‘ಇಲ್ಲದ್ದನ್ನು ಸೇರಿಸಿ ಹೇಳುತ್ತದೆ’ ಅನ್ನುವುದರ ಬೇರು ಇಲ್ಲೇ ಇರಬಹುದು, ಮೊದಲು ಇದನ್ನೇ ನೋಡಿ. ದೋಷದ ಸಂದೇಶ ಕೂಡ ಡಾಕ್ಯುಮೆಂಟೇಶನ್ನೇ. ಬರೀ 404 (‘ಸಿಗಲಿಲ್ಲ’ ಅನ್ನುವ ದೋಷ ಸಂಕೇತ) ಕಳಿಸುವ ಬದಲು ‘ಈ ಐಡಿಯ ಪಂದ್ಯ ಇಲ್ಲ, ದಿನಾಂಕದಿಂದ ಹುಡುಕು, ಸಿಗದಿದ್ದರೆ ಸಿಗಲಿಲ್ಲ ಎಂದೇ ಬಳಕೆದಾರರಿಗೆ ತಿಳಿಸು’ ಅಂತ ಕಳಿಸಿ. ಲೈವ್ ಸ್ಕೋರ್ ಆದರೆ ಅದು ಎಷ್ಟು ಹೊತ್ತಿನದು ಅನ್ನುವ ಸಮಯವೂ ಜೊತೆಗೆ ಹೋಗಲಿ.

ಹಾಗಂತ ಇಡೀ ಕೈಪಿಡಿಯನ್ನು ವಿವರಣೆಗೆ ಸುರಿಯಬೇಡಿ, ಪ್ರತಿ ಪದಕ್ಕೂ ಟೋಕನ್ (ಎಐ ಓದುವ ಪಠ್ಯವನ್ನು ಎಣಿಸುವ ತುಣುಕು) ಖರ್ಚಾಗುತ್ತದೆ, ಮುಖ್ಯವಾದದ್ದು ಮುಚ್ಚಿಹೋಗುತ್ತದೆ. ಆಟ ಗೊತ್ತಿಲ್ಲದವರು ಎಲ್ಲಿ ಎಡವುತ್ತಾರೋ ಅಷ್ಟನ್ನು ಬರೆಯಿರಿ.

ಬರೆದಾದ ಮೇಲೆ ಜನ ನಿಜವಾಗಿ ಕೇಳಿದ ಇಪ್ಪತ್ತು ಪ್ರಶ್ನೆ ಏಜೆಂಟ್‌ಗೆ ಕೊಡಿ. ಕೊನೆಯ ಉತ್ತರ ಮಾತ್ರ ನೋಡಬೇಡಿ, ಯಾವ ಟೂಲ್ ಕರೆಯಿತು, ಏನು ಕಳಿಸಿತು ಅನ್ನುವ ಲಾಗ್ ಓದಿ. ಅದು ತಪ್ಪಿದ ಜಾಗದಲ್ಲಿ ನಿಮ್ಮ ವಿವರಣೆಯ ಯಾವ ಸಾಲು ಇದೆ, ಅಥವಾ ಇಲ್ಲ, ಅಂತ ಹುಡುಕಿ ಅದನ್ನೇ ತಿದ್ದಿ, ಮತ್ತೆ ಅದೇ ಇಪ್ಪತ್ತು ಪ್ರಶ್ನೆ ಕೇಳಿ.