ಗಾಳಿ ಇದ್ದಲ್ಲೇ ಹದ್ದೂ ಇತ್ತು

ಜೆರ್ರಿ ಬ್ರೌನ್ ಹೆಸರು ಈ ಕಥೆಯಲ್ಲಿ ಎರಡು ಸಲ ಬರುತ್ತದೆ. ಮೊದಲ ಸಲ ಅವರು ಕ್ಯಾಲಿಫೋರ್ನಿಯಾದ ಗವರ್ನರ್. ಗಾಳಿಯಂತ್ರ ಹಾಕುವವರಿಗೆ ಅವರ ಸರ್ಕಾರ ತೆರಿಗೆಯಲ್ಲಿ ಭಾರಿ ರಿಯಾಯಿತಿ ಕೊಟ್ಟಿತು. ಸುಮಾರು 30 ವರ್ಷ ಬಿಟ್ಟು, 2010ರಲ್ಲಿ, ಅವರು ಅದೇ ರಾಜ್ಯದ ಅಟಾರ್ನಿ ಜನರಲ್. ಆ ರಿಯಾಯಿತಿಯ ಜೋರಿನಲ್ಲಿ ಯಂತ್ರಗಳು ತುಂಬಿಕೊಂಡಿದ್ದ ಬೆಟ್ಟದಿಂದ ಸುಮಾರು 2,400 ಹಳೇ ಯಂತ್ರ ತೆಗೆಸುವ ಒಪ್ಪಂದ ಈಗ ಅವರ ಕೈಯಲ್ಲೇ ಆಯಿತು. ನಡುವಿನ ವರ್ಷಗಳಲ್ಲಿ ಅಲ್ಲಿ ಸಾವಿರಾರು ಹದ್ದು, ಗಿಡುಗ, ಗೂಬೆಗಳು ಯಂತ್ರದ ಏಟಿಗೆ ಸತ್ತು ಬಿದ್ದಿದ್ದವು.

ಆ ಜಾಗ ಆಲ್ಟಮಾಂಟ್ ಪಾಸ್. ಸ್ಯಾನ್ ಫ್ರಾನ್ಸಿಸ್ಕೊದಿಂದ ಪೂರ್ವಕ್ಕೆ ಸುಮಾರು 80 ಕಿ.ಮೀ. ದೂರ. ಡಯಾಬ್ಲೊ ಬೆಟ್ಟಸಾಲು ತಗ್ಗಿ ದಾರಿ ಬಿಟ್ಟುಕೊಟ್ಟ ಕಡೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡಿಗರು ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೊರಟರೆ ಬಹುಪಾಲು 580 ಹೆದ್ದಾರಿಯಲ್ಲಿ ಇದನ್ನು ದಾಟಿಯೇ ಹೋಗಬೇಕು. ಮರವಿಲ್ಲದ ಬೋಳು ಗುಡ್ಡ, ಬೇಸಿಗೆಯಲ್ಲಿ ಒಣಗಿ ಹಳದಿಯಾದ ಹುಲ್ಲು, ಅಲ್ಲಲ್ಲಿ ದನ.

ಬೇಸಿಗೆ ಬಂತೆಂದರೆ ಬೆಟ್ಟದ ಆಚೆಯ ಸೆಂಟ್ರಲ್ ವ್ಯಾಲಿ ಎಂಬ ಬಯಲು ಕಾದ ಹಂಚಿನಂತಾಗುತ್ತದೆ. ಅಲ್ಲಿಯ ಬಿಸಿ ಗಾಳಿ ಮೇಲೇರುತ್ತದೆ. ಆ ಜಾಗ ತುಂಬಲು ಪೆಸಿಫಿಕ್ ಕಡೆಯಿಂದ ತಣ್ಣನೆ ಗಾಳಿ ಹೊರಡುತ್ತದೆ. ನಡುವೆ ಬೆಟ್ಟ ಅಡ್ಡ, ಹಾಗಾಗಿ ಸಂದು ಸಿಕ್ಕಲ್ಲಿ ತೂರಬೇಕು. ಪಾಲಕ್ಕಾಡಿನ ಸಂದಿನಲ್ಲಿ ನಮ್ಮ ಮುಂಗಾರು ಗಾಳಿ ನುಗ್ಗುತ್ತದಲ್ವಾ, ಹಾಗೇ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಈ ಗಾಳಿಯ ಜೋರು ಜಾಸ್ತಿ.

1973ರ ತೈಲ ಬಿಕ್ಕಟ್ಟು ಬರುವ ತನಕ ಈ ಗಾಳಿಯಿಂದ ಯಾರಿಗೂ ಲಾಭ ಇರಲಿಲ್ಲ. 1978ರಲ್ಲಿ ಅಮೆರಿಕ ಒಂದು ಕಾನೂನು ತಂದಿತು. ಸಣ್ಣ ಉತ್ಪಾದಕರು ಮಾಡಿದ ಕರೆಂಟನ್ನು ದೊಡ್ಡ ವಿದ್ಯುತ್ ಕಂಪನಿಗಳು ಕೊಳ್ಳಲೇಬೇಕು ಅಂತ. ಅದರ ಮೇಲೆ ತೆರಿಗೆ ರಿಯಾಯಿತಿ ಬಂತು. ಕೇಂದ್ರದ್ದು, ರಾಜ್ಯದ್ದು ಎರಡೂ ಸೇರಿದರೆ ಹಾಕಿದ ಬಂಡವಾಳದ ಹತ್ತಿರ ಹತ್ತಿರ ಅರ್ಧ.

ಎಡವಟ್ಟು ಶುರುವಾದದ್ದು ಇಲ್ಲೇ ಅಂತ ನನಗನಿಸುತ್ತದೆ. ರಿಯಾಯಿತಿ ಸಿಕ್ಕಿದ್ದು ತೆಗೆದ ಕರೆಂಟಿಗಲ್ಲ, ಹೂಡಿದ ಹಣಕ್ಕೆ. ಯಂತ್ರ ತಿರುಗಿದರೂ ಸರಿ, ಸುಮ್ನೆ ನಿಂತರೂ ಸರಿ, ಹಣ ಹಾಕಿದವನಿಗೆ ತೆರಿಗೆ ಉಳಿಯಿತು. ಮೇಲಾಗಿ ಕೇಂದ್ರದ ರಿಯಾಯಿತಿ 1985ರ ಕೊನೆಗೆ ಮುಗಿಯುವುದಿತ್ತು. ಅಷ್ಟರೊಳಗೆ ನೆಡಬೇಕು ಎಂಬ ಆತುರ ಎಲ್ಲರಿಗೂ. ವೈದ್ಯರು, ದಂತವೈದ್ಯರೂ ತೆರಿಗೆ ಉಳಿಸಲು ಗಾಳಿಯಂತ್ರದಲ್ಲಿ ಹಣ ಹಾಕಿದ ಕಾಲ ಅದು. 1981ರಿಂದ ಶುರುವಾಗಿ ಕೆಲವೇ ವರ್ಷದಲ್ಲಿ ಆಲ್ಟಮಾಂಟ್ ಗುಡ್ಡಗಳ ಮೇಲೆ ಸಾವಿರಾರು ಯಂತ್ರ ಎದ್ದವು. ಈ ಗಾಳಿಯಲ್ಲಿ ಇನ್ಯಾರು ಓಡಾಡುತ್ತಾರೆ ಅಂತ ಮೊದಲೇ ನೋಡಿಕೊಳ್ಳುವ ವ್ಯವಧಾನ ಇರಲಿಲ್ಲ.

ಅಲ್ಲಿ ಓಡಾಡುತ್ತಿದ್ದದ್ದು ಗೋಲ್ಡನ್ ಈಗಲ್. ಕತ್ತಿನ ಹಿಂದೆ ಹೊಂಬಣ್ಣ ಇರುವ ದೊಡ್ಡ ಹದ್ದು. ಅದು ಜಗತ್ತಿನಲ್ಲೇ ಅತಿ ಒತ್ತಾಗಿ ಗೂಡು ಕಟ್ಟುವ ಪ್ರದೇಶಗಳಲ್ಲಿ ಇದೂ ಒಂದು. ಕಾರಣ ಸರಳ. ಇಳಿಜಾರಿಗೆ ಬಡಿದು ಮೇಲೇಳುವ ಗಾಳಿಯಲ್ಲಿ ಹದ್ದು ರೆಕ್ಕೆ ಬಡಿಯದೆ ತೇಲಬಹುದು. ಕೆಳಗೆ ನೆಲದಲ್ಲಿ ಬಿಲ ತೋಡುವ ಅಳಿಲುಗಳು ಬೇಕಾದಷ್ಟು. ಅಂದರೆ ಎಂಜಿನಿಯರ್ ಹುಡುಕುತ್ತಿದ್ದ ಗಾಳಿಯನ್ನೇ ಹದ್ದೂ ಹುಡುಕುತ್ತಿತ್ತು.

ಆ ಕಾಲದ ಯಂತ್ರಗಳೋ, ಹಕ್ಕಿ ಹಿಡಿಯಲೆಂದೇ ಮಾಡಿಸಿದ ಹಾಗಿದ್ದವು. ಒಂದೊಂದು ಬರೀ 100 ಕಿಲೋವ್ಯಾಟ್ ಆಸುಪಾಸಿನದ್ದು. ಎಷ್ಟೋ ಗೋಪುರಗಳು ನಮ್ಮ ಹೈಟೆನ್ಷನ್ ಕಂಬಗಳಂತೆ ಕಬ್ಬಿಣದ ಪಟ್ಟಿ ಹೆಣೆದು ಮಾಡಿದಂಥವು. ಮರವೇ ಇಲ್ಲದ ಗುಡ್ಡದಲ್ಲಿ ಹಕ್ಕಿಗೆ ಕೂರಲು ಅದಕ್ಕಿಂತ ಒಳ್ಳೆಯ ಜಾಗ ಬೇಕಾ? ಗೋಪುರ ಗಿಡ್ಡವಾದ್ದರಿಂದ, ಹದ್ದು ಬೇಟೆಗೆ ಹಾರುವ ಎತ್ತರದಲ್ಲೇ ಯಂತ್ರದ ರೆಕ್ಕೆಗಳು ಗಿರಗಿರ ತಿರುಗುತ್ತಿದ್ದವು. ಬೇಟೆಯ ಹೊತ್ತಿನಲ್ಲಿ ಹದ್ದಿನ ಕಣ್ಣು ನೆಲದ ಮೇಲಿರುತ್ತದೆ, ಎದುರಿಗಲ್ಲ.

ಬುಡದಲ್ಲಿ ಇನ್ನೊಂದು ಕಥೆ. ಗುಡ್ಡಗಳೆಲ್ಲ ದನ ಸಾಕುವವರ ಜಮೀನು. ಕಂಪನಿಗಳು ಗುತ್ತಿಗೆಗೆ ಪಡೆದಿದ್ದವು, ದನ ಮೇಯುವುದು ಮೊದಲಿನಂತೆಯೇ ನಡೆದಿತ್ತು. ಬಿಸಿಲಿಗೆ ದನಗಳು ಯಂತ್ರದ ನೆರಳಿಗೆ ಬಂದು ನಿಲ್ಲುತ್ತಿದ್ದವು. ಅಲ್ಲಿ ಸಗಣಿ, ಸಗಣಿಗೆ ಹುಳುಹುಪ್ಪಟೆ, ಹುಳುವಿಗೆ ಕೆಸ್ಟ್ರೆಲ್ ಎಂಬ ಪುಟ್ಟ ಗಿಡುಗ. ಯಂತ್ರ ಕೂರಿಸಲು ಕೆದಕಿ ಸಡಿಲವಾದ ಮಣ್ಣಿನಲ್ಲಿ ಅಳಿಲಿಗೆ ಬಿಲ ತೋಡುವುದು ಸಲೀಸು. ಆ ಬಿಲದಲ್ಲೇ ಸಂಸಾರ ಹೂಡುವ ಗಿಡ್ಡ ಗೂಬೆಯೂ ಅಲ್ಲಿಗೇ ಬಂತು. ಹೀಗೆ ತಿನ್ನುವವರು, ತಿನ್ನಿಸಿಕೊಳ್ಳುವವರು ಎಲ್ಲರೂ ಬಂದು ಸೇರಿದ್ದು ತಿರುಗುವ ರೆಕ್ಕೆಯ ಕೆಳಗೆ.

ಹಕ್ಕಿ ಸಾಯುತ್ತಿರುವುದು 1980ರ ದಶಕದಲ್ಲೇ ಗೊತ್ತಾಗಿತ್ತು. 1992ರಲ್ಲಿ ರಾಜ್ಯದ ಇಂಧನ ಆಯೋಗಕ್ಕೆ ವರದಿಯೂ ಹೋಯಿತು. 1996ರಲ್ಲಿ ಅಲ್ಲಿಯ ದೊಡ್ಡ ಕಂಪನಿ ಕೆನೆಟೆಕ್ ದಿವಾಳಿಯಾಯಿತು. ಯಂತ್ರಗಳು ಮಾತ್ರ ತಿರುಗುತ್ತಲೇ ಇದ್ದವು. ಮತ್ತೊಮ್ಮೆ ಲೆಕ್ಕ ಹಾಕಿದ್ದು 2004ರಲ್ಲಿ. ವಿಜ್ಞಾನಿಗಳಾದ ಸ್ಮಾಲ್‌ವುಡ್ ಮತ್ತು ಥೆಲಾಂಡರ್ ಪ್ರಕಾರ ವರ್ಷಕ್ಕೆ 880ರಿಂದ 1,300 ಬೇಟೆ ಹಕ್ಕಿಗಳು ಸಾಯುತ್ತಿದ್ದವು. ಅದರಲ್ಲಿ ಗೋಲ್ಡನ್ ಈಗಲ್‌ಗಳೇ 75ರಿಂದ 116. ಈ ಹದ್ದನ್ನು ಕೊಲ್ಲುವುದು ಕೇಂದ್ರದ ಕಾನೂನಿನಲ್ಲಿ 1962ರಿಂದಲೂ ಅಪರಾಧ.

2004ರಲ್ಲೇ ಪರಿಸರ ಸಂಘಟನೆಯೊಂದು ಕಂಪನಿಗಳ ಮೇಲೆ ಕೇಸು ಹಾಕಿತು. 2008ರಲ್ಲಿ ಮೇಲ್ಮನವಿ ಕೋರ್ಟು ಕೊಟ್ಟ ಉತ್ತರ ಮಜವಾಗಿದೆ. ಕಾಡುಜೀವಿಗಳು ಜನರೆಲ್ಲರ ಆಸ್ತಿ, ಅವುಗಳ ಪರವಾಗಿ ಯಾರು ಬೇಕಾದರೂ ಕೋರ್ಟಿಗೆ ಬರಬಹುದು, ನಿಜ. ಆದರೆ ನೀವು ಕೇಳಬೇಕಾದದ್ದು ಯಂತ್ರ ಓಡಿಸುವವರನ್ನಲ್ಲ, ಪರ್ಮಿಟ್ ಕೊಟ್ಟ ಕೌಂಟಿಯನ್ನು, ಅಂದರೆ ಅಲ್ಲಿಯ ಜಿಲ್ಲಾಡಳಿತವನ್ನು! ಕೇಸು ಬಿದ್ದುಹೋಯಿತು. ಅಷ್ಟರಲ್ಲಿ 2007ರಲ್ಲಿ ಹಕ್ಕಿಗಳ ರಕ್ಷಣೆಗೆ ದುಡಿಯುವ ಆಡುಬಾನ್ ಸಂಘದವರು ಬೇರೆ ದಾರಿಯಲ್ಲಿ ಕೌಂಟಿ ಮತ್ತು ಕಂಪನಿಗಳ ಜೊತೆ ರಾಜಿ ಮಾಡಿಕೊಂಡಿದ್ದರು. ಬೇಟೆ ಹಕ್ಕಿಗಳ ಸಾವನ್ನು ಅರ್ಧಕ್ಕೆ ಇಳಿಸಬೇಕು ಅಂತ ಮಾತಾಯಿತು. ಚಳಿಗಾಲದಲ್ಲಿ ಯಂತ್ರ ನಿಲ್ಲಿಸುವ ಕ್ರಮವೂ ಬಂತು. ಆಗ ಗಾಳಿ ಕಡಿಮೆ, ವಲಸೆ ಬಂದ ಹಕ್ಕಿ ಜಾಸ್ತಿ. ನಿಲ್ಲಿಸಿದರೆ ನಷ್ಟ ಅಷ್ಟಾಗಿ ಇಲ್ಲ.

ಇದರ ಮುಂದುವರಿಕೆಯೇ 2010ರ ಒಪ್ಪಂದ. 2,400 ಹಳೇ ಯಂತ್ರ ತೆಗೆದು ಆ ಜಾಗದಲ್ಲಿ ಸುಮಾರು 100 ದೊಡ್ಡವನ್ನು ಹಾಕುವುದು. ಗೋಲ್ಡನ್ ಹಿಲ್ಸ್ ಎಂಬ ಯೋಜನೆಯಲ್ಲಿ 775 ಹಳೇ ಯಂತ್ರಗಳ ಬದಲು 48 ಹೊಸವು ಬಂದವು, ಒಂದೊಂದು 1.79 ಮೆಗಾವ್ಯಾಟ್. ಕೊಳವೆಯಂಥ ನುಣುಪು ಗೋಪುರ, ಕೂರಲು ಜಾಗವಿಲ್ಲ. ರೆಕ್ಕೆ ಎತ್ತರದಲ್ಲಿ ನಿಧಾನ ತಿರುಗುತ್ತದೆ. ನಿಧಾನ ಅನ್ನುವುದು ಕೆಳಗೆ ನಿಂತು ನೋಡುವವರಿಗೆ ಮಾತ್ರ. ರೆಕ್ಕೆ ಉದ್ದವಾದ್ದರಿಂದ ಅದರ ತುದಿಯ ವೇಗ ಈಗಲೂ ಭಯಂಕರ.

ಯಂತ್ರ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಈ ಸಲ ಹದ್ದಿನ ಹಾರಾಟ ನೋಡಿ ಲೆಕ್ಕ ಹಾಕಿದರು. ಎರಡು ಗುಡ್ಡಗಳ ನಡುವಿನ ತಗ್ಗು ಬೇಡ, ಹದ್ದು ಅಲ್ಲೇ ದಾಟುತ್ತದೆ, ಹೀಗೆ. ಒಂದು ಪಾಸಿನೊಳಗೆ ಇಂಥ ನೂರಾರು ಪುಟ್ಟ ಪಾಸುಗಳಿವೆ ಅಂತ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು. ಆದರೂ ಗೋಲ್ಡನ್ ಹಿಲ್ಸ್‌ನಲ್ಲಿ ಹದ್ದುಗಳ ಸಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಆಯಿತು.

ಬಾವಲಿಗಳ ವಿಷಯ ಇನ್ನೂ ತಡವಾಗಿ ಬೆಳಕಿಗೆ ಬಂತು. ಹದ್ದು ಬಿದ್ದರೆ ದೂರದಿಂದಲೇ ಕಾಣುತ್ತದೆ, ಅಂಗೈಯಗಲದ ಬಾವಲಿ ಒಣಹುಲ್ಲಿನಲ್ಲಿ ಕಾಣುವುದಿಲ್ಲ. ಸ್ಮಾಲ್‌ವುಡ್ ತಂಡ ಅಲ್ಲಿ ತರಬೇತಾದ ನಾಯಿಗಳನ್ನು ಬಿಟ್ಟಿತು. ಒಂದೇ ಜಾಗಗಳಲ್ಲಿ, ಒಂದೇ ಋತುವಿನಲ್ಲಿ ಮನುಷ್ಯರು 69 ಸಲ ಹುಡುಕಿದರೆ ಸಿಕ್ಕಿದ್ದು 1 ಬಾವಲಿ. ನಾಯಿಗಳು 55 ಸಲಕ್ಕೆ 71 ಹುಡುಕಿದವು. 2020ರಲ್ಲಿ ಇದು ಪ್ರಕಟವಾಯಿತು. ಅದಕ್ಕೂ ಮುಂಚೆ ಬರೀ ಕಣ್ಣಳತೆಯಲ್ಲಿ ಬರೆದ ವರದಿಗಳನ್ನು ಎಷ್ಟು ನಂಬಬೇಕೋ!

ಹೆಣ ಎಣಿಸಿದರಷ್ಟೇ ಲೆಕ್ಕ ಮುಗಿಯಲ್ಲ ಅಂತ ತೋರಿಸಿದ್ದು ನಮ್ಮ ಕಡೆಯ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ತಂಡ ಸಾತಾರಾ ಬಳಿಯ ಚಾಳ್ಕೆವಾಡಿಯಲ್ಲಿ, ಪಶ್ಚಿಮ ಘಟ್ಟದ ಬಯಲಿನಲ್ಲಿ, ಗಾಳಿಯಂತ್ರಗಳಿದ್ದ ಜಾಗ ಮತ್ತು ಇಲ್ಲದ ಜಾಗ ಎರಡನ್ನೂ ಹೋಲಿಸಿ 2018ರಲ್ಲಿ ವರದಿ ಮಾಡಿತು. ಯಂತ್ರವಿದ್ದಲ್ಲಿ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಹಕ್ಕಿ ಹೋದದ್ದೇ ತಡ, ಗಂಟಲಲ್ಲಿ ಬೀಸಣಿಗೆ ಇರುವ ಓತಿಕ್ಯಾತಗಳು ಹೆಚ್ಚಾದವು. ಹೆಚ್ಚಾದವು ಅಷ್ಟೇ ಅಲ್ಲ, ಅವುಗಳ ಬೀಸಣಿಗೆಯ ಬಣ್ಣ ಮಂಕಾಗಿತ್ತು. ಮೈಯಲ್ಲಿ ಒತ್ತಡದ ಹಾರ್ಮೋನು ಕಡಿಮೆ ಇತ್ತು. ಮನುಷ್ಯರು ತೀರಾ ಹತ್ತಿರ ಹೋಗುವ ತನಕ ಅವು ಕೂತ ಕಲ್ಲು ಬಿಟ್ಟು ಏಳುತ್ತಲೇ ಇರಲಿಲ್ಲ.