ಬಾಕ್ಸ್ ಹತ್ತಿದ್ದು ಒಂದು, ಇಳಿದದ್ದು ಇನ್ನೊಂದು: ಪ್ಲೈಯೊಮೆಟ್ರಿಕ್ಸ್ ಲೆಕ್ಕದ ಟಿಪ್ಪಣಿ

ಪ್ಲೈಯೊಮೆಟ್ರಿಕ್ಸ್ ಅಂದರೆ ಚಿಮ್ಮುವ ಬಲ ಬೆಳೆಸುವ ಜಿಗಿತದ ವ್ಯಾಯಾಮಗಳು. ಇದರಲ್ಲಿ ವಾಲ್ಯೂಮ್ ಅಂದರೆ ಒಂದು ಅಭ್ಯಾಸದಲ್ಲಿ ಪಾದ ಎಷ್ಟು ಸಲ ನೆಲ ಮುಟ್ಟಿತು ಎಂಬ ಎಣಿಕೆ. ಹೊಸಬರಿಗೆ 80ರಿಂದ 100, ಸ್ವಲ್ಪ ಪಳಗಿದವರಿಗೆ 100ರಿಂದ 120, ಚೆನ್ನಾಗಿ ಪಳಗಿದವರಿಗೆ 120ರಿಂದ 140. ಇದು ಸುಲಭವಾಗಿ ಬಾಯಿಪಾಠವಾಗುತ್ತದೆ. ಮೈದಾನಕ್ಕಿಳಿದಾಗ ತಪ್ಪುವುದು ಎಣಿಸುವುದರಲ್ಲಿ.

ಎರಡೂ ಕಾಲು ಒಟ್ಟಿಗೆ ಇಳಿದರೆ ಒಂದು. ಕುಂಟೆಬಿಲ್ಲೆಯ ಹಾಗೆ ಒಂಟಿ ಕಾಲಲ್ಲಿ ಕುಂಟಿದರೆ ಆ ಕಾಲು ತಾಗಿದ್ದಷ್ಟೂ ಲೆಕ್ಕಕ್ಕೆ. ಹಾಗಾಗಿ ‘ಹಾಪ್, ಕಾಲಿಗೆ 4ರಂತೆ 2 ಸೆಟ್ (ಸುತ್ತು)’ ಎಂದು ಬರೆದಿದ್ದರೆ ಅದು 8 ಅಲ್ಲ, 16.

ಬಾಕ್ಸ್ ಜಂಪ್ ಎಂಬ ಗೊಂದಲ

ನೆಲದಿಂದ ಬಾಕ್ಸ್ ಮೇಲಕ್ಕೆ ಜಿಗಿಯುವುದೇ ಬಾಕ್ಸ್ ಜಂಪ್. ಬಾಕ್ಸ್ ಎತ್ತರವಾದಷ್ಟೂ ಇಂಟೆನ್ಸಿಟಿ, ಅಂದರೆ ದೇಹಕ್ಕೆ ಬೀಳುವ ಹೊರೆ, ಹೆಚ್ಚು ಅನ್ನಿಸುತ್ತದೆ. ಹತ್ತುವಾಗ ಹಾಗಲ್ಲ. ಮಂಡಿ, ಹಿಮ್ಮಡಿಯ ಸ್ನಾಯುರಜ್ಜುಗಳಿಗೆ ಹೊಡೆತ ಬೀಳುವುದು ದೇಹ ಎಷ್ಟು ಕೆಳಗೆ ಬಿತ್ತು ಎಂಬುದರಿಂದ, ಎಷ್ಟು ಮೇಲೆ ಹೋಯಿತು ಎಂಬುದರಿಂದಲ್ಲ.

60 ಕೆ.ಜಿ. ತೂಕದ ಖೋ-ಖೋ ಆಟಗಾರ್ತಿ 50 ಸೆಂ.ಮೀ. ಜಿಗಿದು 40 ಸೆಂ.ಮೀ. ಬಾಕ್ಸ್ ಮೇಲೆ ನಿಂತಳು ಅನ್ನಿ. ಅವಳು ಬಿದ್ದದ್ದು ಬರೀ 10 ಸೆಂ.ಮೀ. ತೂಕ, ಗುರುತ್ವ, ಎತ್ತರ ಗುಣಿಸಿ: 60 × 9.8 × 0.1, ಸುಮಾರು 59 ಜೂಲ್. ಈಗ ಅದೇ ಬಾಕ್ಸ್‌ನಿಂದ ಧುಮುಕಿದರೆ 60 × 9.8 × 0.4, ಅಂದರೆ 235 ಜೂಲ್. ನಾಲ್ಕು ಪಟ್ಟು! ಹತ್ತಿದ್ದನ್ನು ಕಷ್ಟದ ಕೆಲಸವೆಂದು ಬರೆದಿಟ್ಟು, ಇಳಿದದ್ದನ್ನು ಬರೆಯದೇ ಬಿಡುತ್ತೇವೆ.

8 ರೆಪ್‌ನ (ಸುತ್ತಿಗೆ 8 ಜಿಗಿತದ) 3 ಸೆಟ್ ಮಾಡಿ ಪ್ರತಿ ಸಲ ಒಂದೊಂದೇ ಕಾಲಿಟ್ಟು ಮೆಲ್ಲಗೆ ಇಳಿದರೆ ಎಣಿಕೆ 24. ಪ್ರತಿ ಸಲ ಧುಮುಕಿದರೆ 48, ಅದರಲ್ಲಿ ಅರ್ಧ ಭಾರೀ ಹೊಡೆತದವು. ಹೊಸಬರಿಗೆ ಇಳಿಯುವುದನ್ನು ಮೊದಲು ಕಲಿಸಿ. ನನ್ನ ಮಟ್ಟಿಗೆ ಈ ಪಾಠದಲ್ಲಿ ಅತಿ ಮುಖ್ಯವಾದದ್ದು ಇದೇ.

ಇಂಟೆನ್ಸಿಟಿ

ಇದ್ದಲ್ಲೇ ಜಿಗಿತ, ಸ್ಟ್ಯಾಂಡಿಂಗ್ ಬ್ರಾಡ್ ಜಂಪ್ (ನಿಂತಲ್ಲಿಂದ ಮುಂದಕ್ಕೆ ಜಿಗಿತ), ಸಾಲು ಹರ್ಡಲ್, ಒಂಟಿ ಕಾಲಿನ ಹಾಪ್, ಡೆಪ್ತ್ ಜಂಪ್ (ಬಾಕ್ಸ್‌ನಿಂದ ಇಳಿದು ತಕ್ಷಣ ಮೇಲಕ್ಕೆ ಜಿಗಿಯುವುದು): ಹೆಚ್ಚುಕಡಿಮೆ ಈ ಕ್ರಮದಲ್ಲಿ ಏರುತ್ತದೆ. ಇಂಟೆನ್ಸಿಟಿ ಏರಿದಾಗ ಎಣಿಕೆ ಇಳಿಯಲೇಬೇಕು. 100 ಇದ್ದದ್ದನ್ನು 100ರಲ್ಲೇ ಇಟ್ಟು ಒಳಗಿನ ಜಿಗಿತ ಮಾತ್ರ ಬದಲಿಸಿದರೆ ಮೊಣಕಾಲ ಚಿಪ್ಪಿನ ಕೆಳಗೆ ನೋವು ಶುರುವಾಗಬಹುದು.

ಡೆಪ್ತ್ ಜಂಪ್‌ನ ಎತ್ತರಕ್ಕೆ ಒಂದು ಒಳ್ಳೆಯ ಉಪಾಯವಿದೆ. ಗೋಡೆಗೆ ಸುಣ್ಣದ ಗುರುತು ಹಾಕುತ್ತಾ 20, 30, 40 ಸೆಂ.ಮೀ.ನಿಂದ ಇಳಿದು ತಕ್ಷಣ ಮೇಲಕ್ಕೆ ಜಿಗಿಸಿ. ಯಾವ ಬಾಕ್ಸ್‌ನಿಂದ ಗುರುತು ಅತಿ ಮೇಲೆ ಬಿತ್ತೋ ಅದೇ ಎತ್ತರ. ಮುಂದಿನದರಲ್ಲಿ ಗುರುತು ಕೆಳಗಿಳಿದರೆ, ಅಥವಾ ಹಿಮ್ಮಡಿ ನೆಲಕ್ಕೆ ಕೂತು ಪಾದ ಅಲ್ಲೇ ಅಂಟಿಕೊಂಡರೆ, ಎತ್ತರ ಜಾಸ್ತಿಯಾಯಿತು. 100 ಕೆ.ಜಿ. ದಾಟಿದ ಕಬಡ್ಡಿ ಆಟಗಾರರಿಗೆ 46 ಸೆಂ.ಮೀ. ಮೇಲೆ ಬೇಡವೇ ಬೇಡ.

ಡೆಪ್ತ್ ಜಂಪ್‌ನಲ್ಲಿ ವಿರಾಮ ರೆಪ್‌ಗಳ ನಡುವೆ 5ರಿಂದ 10 ಸೆಕೆಂಡ್, ಸೆಟ್‌ಗಳ ನಡುವೆ 2ರಿಂದ 3 ನಿಮಿಷ, ಎರಡು ಅಭ್ಯಾಸಗಳ ನಡುವೆ 48ರಿಂದ 72 ಗಂಟೆ. ಉಸಿರು ಕಟ್ಟುವ ಹಾಗೆ ಜಿಗಿಸಿದರೆ ಅದು ದಮ್ಮಿನ ವ್ಯಾಯಾಮವಾಗುತ್ತದೆ, ಚಿಮ್ಮುವ ಬಲ ಬೆಳೆಯುವುದಿಲ್ಲ.

ನೆಲ

ಪಾವಗಡ, ಶಿರಾ ಕಡೆಯ ಶಾಲಾ ಮೈದಾನಗಳ ಮಣ್ಣು ಮಾರ್ಚ್ ಹೊತ್ತಿಗೆ ಕಾದು ಗಾರೆಯಂತಾಗಿರುತ್ತದೆ. ಹುಲ್ಲಿರುವ ಮೂಲೆ ಹುಡುಕಿ, ಇಲ್ಲದಿದ್ದರೆ ಎಣಿಕೆ ಇಳಿಸಿ. ಲಾಂಗ್ ಜಂಪ್‌ನ ಮರಳು ಗುಂಡಿ ಇದಕ್ಕಾಗದು: ಪಾದ ಹೂತು, ನೆಲದಲ್ಲಿರುವ ಹೊತ್ತು ಹೆಚ್ಚಿ, ಚಿಮ್ಮುವಿಕೆ ಸತ್ತುಹೋಗುತ್ತದೆ.

ಸಂಜೆ ವಾಲಿಬಾಲ್ ಆಡುವವರಿದ್ದರೆ ಸ್ಮ್ಯಾಶ್, ಬ್ಲಾಕ್‌ನ ಜಿಗಿತಗಳನ್ನೂ ಆ ದಿನದ ಲೆಕ್ಕಕ್ಕೆ ಸೇರಿಸಿ. ಇಳಿಯುವ ಸದ್ದು ‘ದಪ್’ ಎಂದು ಜೋರಾದರೆ, ಮಂಡಿಗಳು ಒಳಕ್ಕೆ ವಾಲಿದರೆ, ಎಷ್ಟೇ ರೆಪ್ ಬಾಕಿ ಇದ್ದರೂ ಸೆಟ್ ಅಲ್ಲಿಗೇ ನಿಲ್ಲಿಸಿ.