ಸ್ಟೋರಿ ಕ್ವಿಲ್ಟ್: ಕಥೆ ಹೊತ್ತ ಕೌದಿ

ಅಮೆರಿಕದ ಕ್ವಿಲ್ಟ್ ಹೆಚ್ಚುಕಡಿಮೆ ನಮ್ಮ ಕೌದಿಯಂಥದು. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಹತ್ತಿ. ಮೂರನ್ನೂ ಹಿಡಿದಿಡುವ ಹೊಲಿಗೆ. ಅದರಲ್ಲಿ ಚಿತ್ರ ಬಿಡಿಸಿ, ಜೊತೆಗೇ ಕಥೆಯನ್ನೂ ಅಕ್ಷರದಲ್ಲಿ ಬರೆದದ್ದು ಸ್ಟೋರಿ ಕ್ವಿಲ್ಟ್. ಈ ಪ್ರಕಾರದ ಮಾತು ಬಂದಾಗ ಮೊದಲು ಕೇಳಿಬರುವ ಹೆಸರು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದ ಕಪ್ಪು ಕಲಾವಿದೆ ಫೇತ್ ರಿಂಗೋಲ್ಡ್ (1930–2024) ಅವರದು.

ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಯುರೋಪಿನ ಚಿತ್ರಕಲೆಯ ಪಾಠ. ಸೂಜಿದಾರ ಬಂದದ್ದು ಮನೆಯಿಂದ. ತಾಯಿ ವಿಲ್ಲಿ ಪೋಸಿ ಉಡುಪು ವಿನ್ಯಾಸಕಿ. ಅವರು ಕ್ವಿಲ್ಟ್ ಹೊಲಿಯಲು ಕಲಿತದ್ದು ತಮ್ಮ ಅಜ್ಜಿಯಿಂದ. ಆ ಅಜ್ಜಿಯ ತಾಯಿ ಸೂಸಿ ಶಾನನ್ ಗುಲಾಮಗಿರಿಯಲ್ಲಿದ್ದು, ತೋಟದ ಧಣಿಗಳಿಗಾಗಿ ಕ್ವಿಲ್ಟ್ ಹೊಲಿದವರು. ಅಂದರೆ ಧಣಿಯ ಹಾಸಿಗೆಗೆಂದು ಹೊಲಿಯುತ್ತಿದ್ದ ಕಸುಬೇ ಮುಂದೆ ರಿಂಗೋಲ್ಡ್ ಅವರ ಕ್ಯಾನ್ವಾಸಾಯಿತು. 1980ರಲ್ಲಿ ತಾಯಿ, ಮಗಳು ಕೂಡಿ ಹಾರ್ಲೆಮ್ ಜನರ ಮುಖಗಳ ಕ್ವಿಲ್ಟ್ ಒಂದನ್ನು ಮಾಡಿದರು. ಮರುವರ್ಷ ತಾಯಿ ತೀರಿಕೊಂಡರು.

ಅಕ್ಷರ ಸೇರಿದ್ದಕ್ಕೆ ಕಾರಣ ಬೇರೆ. ರಿಂಗೋಲ್ಡ್ ಬರೆದಿದ್ದ ಆತ್ಮಕಥೆಗೆ ಆಗ ಪ್ರಕಾಶಕರು ಸಿಗಲಿಲ್ಲ. ಬಟ್ಟೆಯ ಮೇಲೆ ಬರೆದರೆ ಯಾರ ಒಪ್ಪಿಗೆಯೂ ಬೇಡವಲ್ಲ! 1983ರ ಮೊದಲ ಸ್ಟೋರಿ ಕ್ವಿಲ್ಟ್‌ನಲ್ಲಿ ಅವರು ಕೈಗೆತ್ತಿಕೊಂಡದ್ದು ಆಂಟ್ ಜೆಮೈಮಾಳನ್ನು. ಪ್ಯಾನ್‌ಕೇಕ್ ಹಿಟ್ಟಿನ ಪೊಟ್ಟಣದ ಮೇಲೆ ದಶಕಗಳ ಕಾಲ ನಗುತ್ತಿದ್ದ ಕಪ್ಪು ಅಡುಗೆಯಾಕೆ ಅವಳು. ರಿಂಗೋಲ್ಡ್ ಕಥೆಯಲ್ಲಿ ಅವಳೇ ಹೋಟೆಲಿನ ಒಡತಿ.

ಚಿತ್ರದ ಕ್ವಿಲ್ಟ್ ರಿಂಗೋಲ್ಡ್ ಅವರಿಂದಲೇ ಶುರುವಾದದ್ದಲ್ಲ. ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ 19ನೇ ಶತಮಾನದಲ್ಲೇ ಬೈಬಲ್ ಕಥೆಗಳನ್ನು ಬಟ್ಟೆಯಲ್ಲಿ ಹೊಲಿದಿದ್ದರು. ಬಡತನಕ್ಕೆ ಅಂಥದೊಂದು ಕ್ವಿಲ್ಟನ್ನು ಐದು ಡಾಲರಿಗೆ ಮಾರಿದರು. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಯೂ ಇಲ್ಲಿ ನೆನಪಾಗುತ್ತದೆ, ಅವರ ಪೂರ್ವಿಕರೂ ಆಫ್ರಿಕಾದವರೇ. ಆದರೆ ಎರಡಕ್ಕೂ ಒಂದೇ ಬೇರು ಎನ್ನುವುದು ಅವಸರದ ಮಾತು, ಕೌದಿ ಹೊಲಿಯುವವರು ಉತ್ತರ ಕರ್ನಾಟಕದ ಊರೂರಲ್ಲೂ ಇದ್ದಾರೆ.

ರಿಂಗೋಲ್ಡ್ ಅವರ ಅತ್ಯಂತ ಪ್ರಸಿದ್ಧ ಸ್ಟೋರಿ ಕ್ವಿಲ್ಟ್ 1988ರ 'ಟಾರ್ ಬೀಚ್'. ಬೇಸಗೆಯ ರಾತ್ರಿ ಹಾರ್ಲೆಮ್‌ನ ಟಾರು ಬಳಿದ ತಾರಸಿಯ ಮೇಲೆ ಮಲಗಿದ ಎಂಟು ವರ್ಷದ ಕ್ಯಾಸಿ ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲೆ ಹಾರುತ್ತಾಳೆ. ಎಲ್ಲರೂ ಹೊಗಳುವುದು ಆ ಹಾರಾಟವನ್ನು. ನನಗೆ ಮುಖ್ಯವೆನಿಸುವುದು ಅಲ್ಲೇ ಬರೆದಿರುವ ಇನ್ನೊಂದು ಸಂಗತಿ: ಆ ಸೇತುವೆ ಕಟ್ಟಲು ದುಡಿದ ಅಪ್ಪನಿಗೆ ಕಾರ್ಮಿಕ ಸಂಘದ ಸದಸ್ಯತ್ವವಿಲ್ಲ, ಯಾಕೆಂದರೆ ಅಜ್ಜನಿಗೂ ಇರಲಿಲ್ಲ.